ಓ ಎಂದವರು ಯಾರು

"ಅಜ್ಜಾ, ಮಕ್ಕಳ ಗಮನ ಹಿಡಿದು ನಿಲ್ಲಿಸಲು ಯಾವ ಕೂಗು ಕೂಗಬೇಕು?"

ಕೇಳಿದವನು ಗುರುಪಾದ. ಮಠದ ಪಾಠಶಾಲೆಯಲ್ಲಿ ಆ ವರ್ಷವಷ್ಟೇ ಪಾಠ ಹೇಳಲು ಶುರುಮಾಡಿದ್ದ ಶಿಷ್ಯ. ಕೇಳಿದ್ದು ಮಠದ ಹಿರಿಯ ಸ್ವಾಮಿಗಳನ್ನು. ಊರೆಲ್ಲ ಅವರನ್ನು ಅಜ್ಜ ಎಂದೇ ಕರೆಯುತ್ತಿತ್ತು. ಗುರುಪಾದ ಪಾಠವನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದ. ಸಿಟ್ಟಿಗೆ ಅವನ ಕಿವಿ ಕೆಂಪಾಗಿತ್ತು.

"ಈಗ ಏನು ಕೂಗುತ್ತೀ?" ಎಂದರು ಅಜ್ಜ.

"ಚಪ್ಪಾಳೆ ತಟ್ಟಿ 'ಎಚ್ಚರ!' ಅನ್ನುತ್ತೇನೆ. ಅವರೂ ಚಪ್ಪಾಳೆ ತಟ್ಟಿ 'ಎಚ್ಚರ!' ಅನ್ನಬೇಕು. ಹಾಗೆ ಕಲಿಸಿದ್ದೇನೆ. ಅನ್ನುತ್ತಾರೆ ಅಜ್ಜಾ, ಸೂರು ಹಾರಿಹೋಗುವ ಹಾಗೆ ಅನ್ನುತ್ತಾರೆ. ಹಾದಿಯಲ್ಲಿ ಹೋಗುವವರು ನಿಂತು, ಎಂಥ ಶಿಸ್ತು ಎಂದು ತಲೆದೂಗುತ್ತಾರೆ. ಆದರೆ ಆಮೇಲೆ ಒಂದು ಪ್ರಶ್ನೆ ಕೇಳಿ ನೋಡಿ! ಒಬ್ಬರಾದರೂ ತುಟಿ ಬಿಚ್ಚಬೇಕಲ್ಲ? ನಾನೇನು ಗೋಡೆಗೆ ಪಾಠ ಹೇಳುತ್ತಿದ್ದೇನೆಯೇ?"

"ಒಬ್ಬರೂ ಬಿಚ್ಚುವುದಿಲ್ಲವೇ?"

"ಬಿಚ್ಚಿದರೆ ಹೀಗೆ! ಇವತ್ತು ಎಲ್ಲರೂ 'ಎಚ್ಚರ' ಎಂದರು. ನೀಲವ್ವ ಎಂಬ ಹುಡುಗಿ ಮಾತ್ರ ಎದ್ದು ನಿಂತು, 'ಗುರುಗಳೇ, ನನಗೆ ನಿನ್ನೆಯ ಭಾಗಾಕಾರವೇ ತಿಳಿದಿಲ್ಲ' ಅಂದಳು. ನಾನು ಕೂಗಿದ್ದೇನು, ಅವಳು ಹೇಳಿದ್ದೇನು! ಇಡೀ ಶಾಲೆ ಗೊಳ್ಳೆಂದು ನಕ್ಕಿತು. ಇನ್ನೊಮ್ಮೆ ಕೂಗಿದೆ. ಮತ್ತೆ ಅದನ್ನೇ ಅಂದಳು. ನನ್ನ ಮೈಯೆಲ್ಲ ಉರಿಯಿತು. ಅಂಗಳದಲ್ಲಿ ನಿಲ್ಲಿಸಿ ಬಂದಿದ್ದೇನೆ."

ಅಜ್ಜ ತಮ್ಮ ಕೋಲನ್ನು ಮಗ್ಗುಲಿಗೆ ಇಟ್ಟುಕೊಂಡರು.

"ಕೂತುಕೋ ತಮ್ಮಾ. ಒಂದು ಬಾವಿಯ ಕತೆ ಹೇಳುತ್ತೇನೆ."

ಗುರುಪಾದನಿಗೆ ಬೇಕಿದ್ದದ್ದು ಕೂಗು, ಕತೆಯಲ್ಲ. ಆದರೂ ಕೂತ. ಅಜ್ಜ ಹೇಳತೊಡಗಿದರು.

ಒಬ್ಬ ರೈತ ತನ್ನ ಹೊಲದಲ್ಲಿ ಬಾವಿ ತೋಡಿಸುತ್ತಿದ್ದ. ಕೆಲಸಕ್ಕೆ ಒಬ್ಬ ಮೇಸ್ತ್ರಿ. ಅವನ ಕೈಕೆಳಗೆ ತೋಡುವವನೊಬ್ಬ, ಹಗ್ಗ ಎಳೆಯುವ ಆಳುಗಳು, ಮೇಲೆ ಬಂದ ಮಣ್ಣನ್ನು ಹೊತ್ತು ಬದುವಿಗೆ ಸುರಿಯಲು ತೋಡುವವನ ಹೆಂಡತಿ. ಬಾವಿ ಆಳವಾಯಿತು. ಮೇಲಿನವರಿಗೆ ಕೆಳಗಿನವನು ಕಾಣದಾದ. ಬಗ್ಗಿ ನೋಡಿದರೆ ಬರೀ ಕತ್ತಲು. ಅಂಥ ಕಡೆ ಕಣ್ಣಿನ ಕೆಲಸವನ್ನು ಕಿವಿಯೇ ಮಾಡಬೇಕು.

ಅದಕ್ಕಾಗಿ ಆ ಕಸುಬಿನವರಲ್ಲಿ ಒಂದು ಪದ್ಧತಿ ಇತ್ತು. ಬುಟ್ಟಿ ಎಳೆಯುವ ಮೊದಲು ಮೇಲಿನವನು "ಏನಿದೆಯೋ?" ಎಂದು ಕೂಗಬೇಕು. ಕೆಳಗಿನವನು ತನ್ನ ಮುಂದೆ ಏನಿದೆಯೋ ಅದನ್ನು ಹೇಳಬೇಕು. ಕೆಮ್ಮಣ್ಣು ಇದ್ದರೆ ಕೆಮ್ಮಣ್ಣು. ಕಲ್ಲು ಅಡ್ಡ ಬಂದರೆ ಕಲ್ಲು. ಬಾಯಾರಿದರೆ ನೀರು ಬಿಡಿ ಅನ್ನಬೇಕು, ಉಸಿರು ಕಟ್ಟಿದರೆ ಮೇಲೆ ಎಳೆಯಿರಿ ಅನ್ನಬೇಕು. ಆ ಉತ್ತರ ಕೇಳಿದ ಮೇಲೆಯೇ ಹಗ್ಗಕ್ಕೆ ಕೈ. ಯಾವ ದೊಡ್ಡ ಮನುಷ್ಯ ಈ ಪದ್ಧತಿ ಮಾಡಿದನೋ ಗೊತ್ತಿಲ್ಲ. ಅವನ ಪಾದಕ್ಕೆ ನಮಸ್ಕಾರ.

ಈ ಮೇಸ್ತ್ರಿಗೆ ಅದು ಸೇರಲಿಲ್ಲ. ತೋಡುವವನು ಮಾತುಗಾರ. ಒಂದು ಕೇಳಿದರೆ ನಾಲ್ಕು ಹೇಳುವವನು. ಒಂದು ದಿನ ರೈತ ತನ್ನ ನೆಂಟರನ್ನು ಕರೆದುಕೊಂಡು ಬಾವಿ ತೋರಿಸಲು ಬಂದ. ಮೇಸ್ತ್ರಿ ಎದೆ ಉಬ್ಬಿಸಿ "ಏನಿದೆಯೋ?" ಎಂದು ಕೂಗಿದ. ಕೆಳಗಿನಿಂದ, "ಕಲ್ಲು ಮೇಸ್ತ್ರೀ, ನಿಮ್ಮ ಹೊಟ್ಟೆಗಿಂತ ದೊಡ್ಡದು!" ಎಂದು ಉತ್ತರ ಬಂತು. ನೆಂಟರು ಬಿದ್ದು ಬಿದ್ದು ನಕ್ಕರು. ಹಗ್ಗದವರೂ ಮುಖ ತಿರುಗಿಸಿಕೊಂಡು ನಕ್ಕರು. ಮೇಸ್ತ್ರಿಯ ಮುಖ ಹುಳ್ಳಗಾಯಿತು.

ಮರುದಿನ ಮೇಸ್ತ್ರಿ ಹೊಸ ಕಟ್ಟಳೆ ಮಾಡಿದ. "ಇನ್ನು ಮೇಲೆ ನಾನು 'ಓ' ಅಂದರೆ ನೀನು 'ಓ' ಅನ್ನು. ಅಷ್ಟೇ. ಹೆಚ್ಚಿಗೆ ಒಂದು ಮಾತು ಬಂದರೂ ಕೂಲಿ ಇಲ್ಲ."

ತೋಡುವವನು ಏನು ಮಾಡಿಯಾನು? ಹೊಟ್ಟೆಪಾಡು. ಒಪ್ಪಿದ. ಮೇಸ್ತ್ರಿ "ಓ" ಅನ್ನುತ್ತಿದ್ದ, ಕೆಳಗಿನಿಂದ "ಓ" ಬರುತ್ತಿತ್ತು, ಹಗ್ಗದವರು ಎಳೆಯುತ್ತಿದ್ದರು. ಕೆಲಸ ಚುರುಕಾಯಿತು. ರೈತನಿಗೆ ಬಹಳ ಖುಷಿ. "ಮೇಸ್ತ್ರಿ ಅಂದರೆ ಇವನಪ್ಪಾ!" ಎಂದು ಊರ ತುಂಬ ಹೇಳಿಕೊಂಡು ತಿರುಗಿದ.

ಇಷ್ಟು ಹೇಳಿ ಅಜ್ಜ ಗುರುಪಾದನ ಮುಖ ನೋಡಿದರು. ಗುರುಪಾದ ತನಗೇನೂ ಸಂಬಂಧವಿಲ್ಲದವನ ಹಾಗೆ ಹೂಂಗುಟ್ಟಿದ. ಕತೆ ಮುಂದೆ ಸಾಗಿತು.

ಬಾವಿ ಬಂಡೆಗೆ ಇಳಿಯಿತು. ಒಂದು ದಿನ ಬಂಡೆಯಲ್ಲಿ ಬಿರುಕು ಬಿಟ್ಟಿತು. ಅದರಿಂದ ಕೆಟ್ಟ ಗಾಳಿ ಬರತೊಡಗಿತು. ಬಾವಿಯ ಕೆಟ್ಟ ಗಾಳಿಗೆ ಬಣ್ಣವಿಲ್ಲ, ಸದ್ದಿಲ್ಲ. ಮೊದಲು ತಲೆ ಭಾರವಾಗುತ್ತದೆ, ಆಮೇಲೆ ಕೈಕಾಲು ಬೀಳುತ್ತವೆ. ತೋಡುವವನಿಗೆ ಗೊತ್ತಾಯಿತು. ಮೇಸ್ತ್ರಿ "ಓ" ಎಂದಾಗ ಅವನು, "ಮೇಸ್ತ್ರೀ, ಇಲ್ಲಿ ಉಸಿರು..." ಎಂದು ಬಾಯಿ ತೆರೆದ.

"ಓ ಅನ್ನೋ!" ಎಂದು ಮೇಸ್ತ್ರಿ ಗದರಿದ.

"ಅದಲ್ಲ ಮೇಸ್ತ್ರೀ..."

"ಓ ಅನ್ನು ಅಂದೆನಲ್ಲ! ಕೂಲಿ ಬೇಕೋ ಬೇಡವೋ?"

ಕೆಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಓ" ಎಂದು ಬಂತು. ಥೂ! ಉಸಿರು ಹೋಗುತ್ತಿರುವವನ ಬಾಯಿಂದ ಓ ಅನ್ನಿಸಿದನಲ್ಲ, ಅವನಿಗೆ ಏನೆನ್ನಬೇಕು? ತೋಡುವವನು ಈ ಲೋಕದಲ್ಲಿ ಆಡಿದ ಕೊನೆಯ ಮಾತು ಅದು. ಅದೂ ಅವನದ್ದಲ್ಲ, ಮೇಸ್ತ್ರಿಯದ್ದು.

ಆಮೇಲೆ ಮೇಸ್ತ್ರಿ "ಓ" ಎಂದ. ಕೆಳಗಿನಿಂದ "ಓ" ಬಂತು. ಹಗ್ಗದವರು ಎಳೆದರು. ಬುಟ್ಟಿ ಖಾಲಿ. ಕೆಲಸ ನೋಡಲು ಬಂದಿದ್ದ ರೈತನ ಎದುರಿಗೆ ಮೇಸ್ತ್ರಿ ಹಲ್ಲು ಕಡಿದು ಬುಟ್ಟಿ ಇಳಿಸಿದ. ಮತ್ತೆ "ಓ" ಎಂದ. ಮತ್ತೆ "ಓ" ಬಂತು. ಎಳೆದರು. ಮತ್ತೆ ಖಾಲಿ. ಮೇಸ್ತ್ರಿಗೆ ತಡೆಯಲಾಗಲಿಲ್ಲ. ಬಾವಿಯ ಕಟ್ಟೆಗೆ ಬಗ್ಗಿ ಬಾಯಿಗೆ ಬಂದ ಹಾಗೆ ಬೈದ. ಸೋಮಾರಿ ಎಂದ, ಕಳ್ಳ ಎಂದ, ಅನ್ನಕ್ಕೆ ದ್ರೋಹ ಬಗೆಯುವವನು ಎಂದ.

ಅಷ್ಟರಲ್ಲಿ ತೋಡುವವನ ಹೆಂಡತಿ ಬದುವಿಗೆ ಮಣ್ಣು ಸುರಿದು ಬಂದಳು. ಖಾಲಿ ಬುಟ್ಟಿ ನೋಡಿದಳು. "ಏನಾಯಿತು ಮೇಸ್ತ್ರೀ?"

"ಏನಾಗುವುದು, ನಿನ್ನ ಗಂಡನಿಗೆ ಕೊಬ್ಬು ಏರಿದೆ. ಕೂಗಿದರೆ ಓ ಅನ್ನುತ್ತಾನೆ, ಕೆಲಸ ಮಾತ್ರ ಮಾಡುವುದಿಲ್ಲ. ಕೇಳು ಬೇಕಾದರೆ." ಮೇಸ್ತ್ರಿ "ಓ" ಎಂದ. ಬಾವಿಯಿಂದ "ಓ" ಬಂತು. "ಕೇಳಿಸಿತೇ?"

ಅವಳ ಗಂಡ ಹಸಿದಿದ್ದರೂ ಬುಟ್ಟಿ ಖಾಲಿ ಕಳಿಸುವವನಲ್ಲ. ತಮ್ಮಾ, ಅವರ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆ ಹೆಸರನ್ನು ಅವಳು ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ, ನಾಚಿಕೊಂಡು ಹೇಳಿದ್ದೇ ಕೊನೆ. ಅವತ್ತು ಮೇಸ್ತ್ರಿ, ರೈತ, ಆಳುಗಳು ಎಲ್ಲರ ಎದುರಿಗೆ ಅವಳು ಕಟ್ಟೆಗೆ ಬಗ್ಗಿ ಆ ಹೆಸರು ಹಿಡಿದು ಕೂಗಿದಳು.

"ಹುಲುಗಪ್ಪಾ!"

ಬಾವಿಯಿಂದ ಉತ್ತರ ಬಂತು. "ಹುಲುಗಪ್ಪಾ!"

ಅವಳು ತಿರುಗಿದವಳೇ ಮೇಸ್ತ್ರಿಯ ಹೆಗಲ ವಸ್ತ್ರ ಹಿಡಿದು ಎಳೆದಳು. "ಹೆಸರು ಕೂಗಿದರೆ ಯಾವ ಗಂಡಸು ತನ್ನ ಹೆಸರನ್ನೇ ತಿರುಗಿ ಕೂಗುತ್ತಾನೋ? ಅಲ್ಲಿ ನನ್ನ ಗಂಡ ಮಾತಾಡುತ್ತಿಲ್ಲ, ಬಂಡೆ ಮಾತಾಡುತ್ತಿದೆ! ಇಷ್ಟು ಹೊತ್ತು ನೀನು ಕೇಳಿಸಿಕೊಂಡದ್ದು ನಿನ್ನ ದನಿ ಕಣೋ, ಪಾಪಿ! ಅವನು ಮಾತಾಡಿದಾಗ ಬಾಯಿ ಮುಚ್ಚಿಸಿದೆ. ಈಗ ಮಾತಾಡಿಸು! ಮಾತಾಡಿಸು ನೋಡೋಣ!"

ಹಗ್ಗದವರು ದೀಪ ಕಟ್ಟಿ ಇಳಿಸಿದರು. ಅರ್ಧ ದಾರಿಯಲ್ಲೇ ದೀಪ ಆರಿತು. ಕೊಡಗಟ್ಟಲೆ ನೀರು ಸುರಿದರು, ಬೇವಿನ ಕೊಂಬೆ ಇಳಿಸಿ ಗಾಳಿ ಆಡಿಸಿದರು. ದೀಪ ಉಳಿಯುವ ತನಕ ಕಾದು, ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅವನನ್ನು ಮೇಲೆ ತಂದ. ತಂದಾಗ ಮೈ ಬೆಚ್ಚಗಿತ್ತು. ಉಸಿರು ಇರಲಿಲ್ಲ.

ಊರ ಹಿರಿಯರು ಕೂತು ವಿಚಾರಿಸಿದರು. ಮೇಸ್ತ್ರಿ ಕೈ ಮುಗಿದು ನಿಂತ. "ನಾನು ಪ್ರತಿ ಸಲವೂ ಕೂಗಿದ್ದೇನೆ. ಪ್ರತಿ ಸಲವೂ ಉತ್ತರ ಬಂದಿದೆ. ಇವರನ್ನೇ ಕೇಳಿ" ಎಂದ. ಹಗ್ಗದವರು ಹೌದು ಎಂದರು. ರೈತ ಹೌದು ಎಂದ. ಯಾರೂ ಸುಳ್ಳು ಹೇಳಲಿಲ್ಲ. ಎಲ್ಲರ ಕಿವಿಗೂ ಆ ಓ ಬಿದ್ದಿತ್ತು. ಹಿರಿಯರು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಎದ್ದು ಹೋದರು.

ಅಜ್ಜ ಕತೆ ನಿಲ್ಲಿಸಿದರು.

ಗುರುಪಾದ ಕೂತಲ್ಲಿಂದ ಎದ್ದುಬಿಟ್ಟಿದ್ದ. ಆ ಹೆಂಗಸಿನ ಕೂಗು ಅವನ ಎದೆಯಲ್ಲಿ ಹಾಗೇ ನಿಂತಿತ್ತು.

"ಅನ್ಯಾಯ ಅಜ್ಜಾ! ಅವನು ಉಸಿರು ಅಂತ ಬಾಯಿ ಬಿಟ್ಟು ಹೇಳಿದ್ದನಲ್ಲ! ಕೆಳಗಿನವನು ತನ್ನ ಸಂಕಟ ಹೇಳಿದರೆ, ನನ್ನ ಕೂಗಿಗೆ ಇದು ಉತ್ತರವಲ್ಲ ಅನ್ನುತ್ತಾನಲ್ಲ, ಅವನೆಂಥ ಮನುಷ್ಯ? ಆ ಮೇಸ್ತ್ರಿಯನ್ನು ಊರ ನಡುವೆ ಕಂಬಕ್ಕೆ ಕಟ್ಟಿ ಹೊಡೆಯಬೇಕಿತ್ತು!"

ಅಜ್ಜ ಕೋಲನ್ನು ಕೈಗೆ ತೆಗೆದುಕೊಂಡರು. ಅದರ ತುದಿಯನ್ನು ಬಾಗಿಲಿನ ಕಡೆಗೆ, ಆಚೆಯ ಅಂಗಳದ ಕಡೆಗೆ ತೋರಿಸಿದರು.

"ಹೊಡೆಯುವುದು ಆಮೇಲೆ, ತಮ್ಮಾ, ಇವತ್ತು ನಿನ್ನ ಕೂಗಿಗೆ ಉತ್ತರ ಕೊಟ್ಟವಳು ಒಬ್ಬಳೇ, ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ."

ಗುರುಪಾದ ಅಂಗಳದ ಕಡೆಗೆ ನಡೆದ.