ಸುಬೇದಾರರ ಹಳೆಯ ರಿವಾಲ್ವರ್

“ಗುರುಗಳೇ, ನೀವು ಬರೆದುಕೊಟ್ಟ ಉಪದೇಶವನ್ನು ಹನ್ನೆರಡು ವರ್ಷದಿಂದ ಒಂದು ದಿನವೂ ತಪ್ಪದೆ ಪೂಜಿಸುತ್ತ ಬಂದಿದ್ದೇನೆ. ನಿನ್ನೆ ಒಬ್ಬ ನನ್ನನ್ನು ಹೀಯಾಳಿಸಿದ. ಆಗ ಅದರಲ್ಲಿ ಒಂದು ಮಾತೂ ನನ್ನ ನೆರವಿಗೆ ಬರಲಿಲ್ಲ. ಕೈಯಲ್ಲಿದ್ದ ಸೌಟನ್ನೇ ಅವನ ಮೇಲೆ ಎಸೆದುಬಿಟ್ಟೆ. ತಪ್ಪು ಎಲ್ಲಿದೆ?”

ಕೇಳಿದವನು ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಪರ್ವತಯ್ಯ. ಉಪದೇಶದಲ್ಲೇ ತಪ್ಪಿದೆ ಎನ್ನುವ ಧೈರ್ಯ ಅವನಿಗೆ ಇರಲಿಲ್ಲ. ಆದರೆ ಮನಸ್ಸಿನಲ್ಲಿ ಇದ್ದದ್ದು ಅದೇ.

“ಸೌಟು ತಗುಲಿತೇ?” ಎಂದರು ಗುರುಗಳು.

“ಇಲ್ಲ, ಗುರಿ ತಪ್ಪಿತು.”

“ಒಳ್ಳೆಯದಾಯಿತು. ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮುರಿಗೆಪ್ಪ ಎಂಬ ಒಣಮೆಣಸಿನಕಾಯಿ ವ್ಯಾಪಾರಿ ಇದ್ದ. ಸಂತೆಯಿಂದ ಸಂತೆಗೆ ಒಬ್ಬನೇ ಗಾಡಿ ಓಡಿಸಿಕೊಂಡು ಹೋಗುವವನು. ದಾರಿಯಲ್ಲಿ ಒಂದು ಕುರುಚಲು ಕಾಡು. ಅಲ್ಲಿ ಯಾರೋ ಯಾರನ್ನೋ ಅಡ್ಡಗಟ್ಟಿದರು ಎಂಬ ಸುದ್ದಿ ಕೇಳಿದ ಮೇಲೆ ಅವನಿಗೆ ನಿದ್ದೆ ಬರದಾಯಿತು. ತನ್ನ ಹತ್ತಿರ ಒಂದು ರಿವಾಲ್ವರ್ ಇದ್ದರೆ ವಾಸಿ ಎನಿಸಿತು.

ಅದೇ ಊರಿನಲ್ಲಿ ದತ್ತಾಜಿರಾವ್ ಎಂಬ ನಿವೃತ್ತ ಸುಬೇದಾರರಿದ್ದರು. ಮುರಿಗೆಪ್ಪನೂ ಅವರೂ ದಿನಾ ಬೆಳಿಗ್ಗೆ ಒಂದೇ ಹೋಟೆಲಿನಲ್ಲಿ, ಒಂದೇ ಬೆಂಚಿನ ಮೇಲೆ, ಹನ್ನೊಂದು ವರ್ಷದಿಂದ ಚಹಾ ಕುಡಿದವರು. ಸುಬೇದಾರರಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ತಮ್ಮ ರಿವಾಲ್ವರನ್ನು ಅವನಿಗೇ ಮಾರಲು ಒಪ್ಪಿದರು. ಲೈಸೆನ್ಸಿನ ಕೆಲಸವೆಲ್ಲ ಸರಿಯಾಗಿ ಮುಗಿಯಿತು. ಕೊಡುವಾಗ ಅವರು ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ಹೊರಳಿಸಿ ಆರೂ ತೂತು ಖಾಲಿ ಇರುವುದನ್ನು ತೋರಿಸಿದರು. ಮತ್ತೆ ಮುಚ್ಚಿ ಬೆರಳಿನಿಂದ ಮೆಲ್ಲಗೆ ಸರಿಸಿದರು. ಉರುಳೆ ಸಲೀಸಾಗಿ ತಿರುಗಿತು.

“ತೋಟಾಗಳನ್ನು ಬೇರೆ ಕಡೆ ಇಡು. ತಿಂಗಳಿಗೊಮ್ಮೆ ಒರೆಸು, ತಿರುಗಿಸಿ ನೋಡು. ಇದಕ್ಕೆ ಇಷ್ಟು ಸಾಕು” ಎಂದರು.

ಮುರಿಗೆಪ್ಪ ಅದನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಮನೆಗೆ ತಂದ. ತೋಟಾಗಳನ್ನು ಬೀರುವಿಗೆ ಹಾಕಿ ಬೀಗ ಜಡಿದ. ರಿವಾಲ್ವರನ್ನು ದೇವರ ಕೋಣೆಯಲ್ಲಿ ಇಟ್ಟ. ಸಂತೆಗೆ ಹೊರಟಾಗಲೆಲ್ಲ ಅದರ ಮುಂದೆ ನಿಂತು ಕೈಮುಗಿದು, ಅದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದ. ಆದರೂ ಅವನಿಗೆ ಧೈರ್ಯ ಬಂದಿತ್ತು. ರಾತ್ರಿ ನಿದ್ದೆಯೂ ಬರುತ್ತಿತ್ತು.

ವರ್ಷ ಕಳೆಯಿತು. ಚುನಾವಣೆ ಹತ್ತಿರವಾಯಿತು. ಲೈಸೆನ್ಸ್ ಇದ್ದವರೆಲ್ಲ ತಮ್ಮ ತಮ್ಮ ಆಯುಧ ತಂದು ತೋರಿಸಬೇಕೆಂದು ಠಾಣೆಯಿಂದ ಹೇಳಿಕಳಿಸಿದರು. ಮುರಿಗೆಪ್ಪ ಶುಭ್ರ ಧೋತರ ಉಟ್ಟು ಹೋದ. ಅಲ್ಲಿ ಹತ್ತಿಪ್ಪತ್ತು ಜನ ಸಾಲಾಗಿ ನಿಂತಿದ್ದರು. ಇನ್‌ಸ್ಪೆಕ್ಟರು ರಿವಾಲ್ವರನ್ನು ಕೈಗೆ ತೆಗೆದುಕೊಂಡು ಉರುಳೆ ತಿರುಗಿಸಲು ನೋಡಿದರು. ಅದು ಜಗ್ಗಲಿಲ್ಲ. ಹೆಬ್ಬೆರಳು ಒತ್ತಿ ನೋಡಿದರು. ಕೂದಲೆಳೆಯಷ್ಟೂ ಸರಿಯಲಿಲ್ಲ.

“ಏನ್ರೀ, ಕಳ್ಳ ಬಂದರೆ ಇದನ್ನು ಎತ್ತಿ ಹೊಡೆಯುತ್ತೀರೇನು?” ಎಂದರು. ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. “ಹದಿನೈದು ದಿನದಲ್ಲಿ ರಿಪೇರಿ ಮಾಡಿಸಿ ತನ್ನಿ. ಇಲ್ಲವಾದರೆ ಇಲ್ಲೇ ಒಪ್ಪಿಸಿಬಿಡಿ.”

ಮುರಿಗೆಪ್ಪನ ಮುಖ ಅವನು ಮಾರುವ ಮೆಣಸಿನಕಾಯಿಯ ಹಾಗೆ ಕೆಂಪಾಯಿತು. ಠಾಣೆಯಿಂದ ಹೋಟೆಲಿಗೆ ಬರುವಷ್ಟರಲ್ಲಿ ತಪ್ಪು ಯಾರದೆಂದು ಅವನು ತೀರ್ಮಾನಿಸಿ ಆಗಿತ್ತು. ಸುಬೇದಾರರು ಅದೇ ಬೆಂಚಿನ ಮೇಲೆ ಕೂತಿದ್ದರು. ಮುರಿಗೆಪ್ಪ ಅವರ ಕಡೆ ನೋಡಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, “ಕೆಟ್ಟುಹೋದದ್ದನ್ನು ನನ್ನ ಕೊರಳಿಗೆ ಕಟ್ಟಿದರು. ಮಿಲಿಟರಿಯವರು ಎಂದು ನಂಬಿದೆ ನೋಡಿ, ನನಗೆ ಬುದ್ಧಿ ಇಲ್ಲ” ಎಂದ.

ಸುಬೇದಾರರು ಅರ್ಧ ಕುಡಿದ ಚಹಾವನ್ನು ಹಾಗೇ ಇಟ್ಟರು. ಎದ್ದು ಕೋಲು ಹುಡುಕಿಕೊಂಡು ಹೊರಟುಹೋದರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಬೆಂಚಿನ ಮೇಲೆ ಕಾಲು ಚಾಚುವಷ್ಟು ಜಾಗವಾಯಿತು. ಆದರೂ ಮುರಿಗೆಪ್ಪನಿಗೆ ಚಹಾ ರುಚಿಸಲಿಲ್ಲ.

ಒಂದು ವಾರ ನೋಡಿದ. ಆಮೇಲೆ ಜಿಲ್ಲಾ ಊರಿನ ಬಸ್ಸು ಹತ್ತಿದ. ಅಲ್ಲಿ ಇಮಾಮಸಾಬ ಎಂಬವನು ಬಂದೂಕು ರಿಪೇರಿಯ ಅಂಗಡಿ ಇಟ್ಟಿದ್ದ. ಸರಕಾರದ ಪರವಾನಗಿ ಇದ್ದವನು, ಎಪ್ಪತ್ತರ ಹತ್ತಿರದವನು, ಅವಸರ ಎಂದರೆ ಏನೆಂದು ತಿಳಿಯದವನು.

“ಸಾಬರೇ, ಇದರ ಉರುಳೆ ಹಿಡಿದಿದೆ. ಮಾರಿದವನು ಮೋಸ ಮಾಡಿದ್ದಾನೆ. ಎಲ್ಲಿ ಹಿಡಿದಿದೆಯೋ ಅಲ್ಲಿ ಅರ ಹಾಕಿ ಉಜ್ಜಿಬಿಡಿ” ಎಂದ ಮುರಿಗೆಪ್ಪ.

“ಉಜ್ಜಿದ ಕಬ್ಬಿಣ ತಿರುಗಿ ಬೆಳೆಯುವುದಿಲ್ಲ, ಸಾಹುಕಾರ್ರೇ. ಮೊದಲು ನೋಡೋಣ.”

ಇಮಾಮಸಾಬ ನಳಿಗೆಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿದ. ಸ್ವಲ್ಪ ಬಲ ಹಾಕಿ ಉರುಳೆಯನ್ನು ಹೊರಗೆ ಹೊರಳಿಸಿದ. ಆರು ತೂತುಗಳಲ್ಲಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ತೋಟಾ ಇರಲಿಲ್ಲ. ನಡುವಿನ ಸಲಾಕೆ ಸಡಿಲಾಗಿದೆಯೇ ಎಂದು ಬೆರಳಿನಿಂದ ತಿರುಚಿದ. ಬಿಗಿಯಾಗಿತ್ತು. ಬಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ನೆಟ್ಟಗಿತ್ತು. ಉರುಳೆಯನ್ನು ಮುಚ್ಚಿ, ಒಂದು ತೆಳು ಕಾಗದವನ್ನು ಅದಕ್ಕೂ ನಳಿಗೆಗೂ ನಡುವೆ ತೂರಿಸಿದ. ಕಾಗದ ಸರಾಗವಾಗಿ ಆಚೆ ಬಂತು.

“ಮುಂದುಗಡೆ ಏನೂ ಇಲ್ಲ” ಎಂದ.

ಅದೇ ಕಾಗದವನ್ನು ಉರುಳೆಯ ಹಿಂಬದಿಗೆ ತೂರಿಸಿದ. ಕಾಗದ ಒಳಗೆ ಹೋಗದೆ ಮಡಚಿಕೊಂಡಿತು.

“ಇಗೋ, ಇಲ್ಲಿ.”

ಮತ್ತೆ ಉರುಳೆ ತೆರೆದು ಸಲಾಕೆಯನ್ನು ಒತ್ತಿದ. ಖಾಲಿ ತೋಟಾಗಳನ್ನು ಹೊರತಳ್ಳುವ ಚಿಕ್ಕ ನಕ್ಷತ್ರದಂಥ ಬಿಲ್ಲೆ ಮೇಲೆ ಎದ್ದಿತು. ಅದರ ಅಡಿಯಲ್ಲಿ ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು. ಇಮಾಮಸಾಬ ಸೂಜಿಯಿಂದ ಕೆದಕಿ ಮೂಗಿನ ಹತ್ತಿರ ಹಿಡಿದ. ಅವನ ಹುಬ್ಬು ಮೇಲೇರಿತು.

“ತುಕ್ಕಲ್ಲ, ಮದ್ದಿನ ಮಸಿಯೂ ಅಲ್ಲ. ಇದು ತುಪ್ಪ. ಇದು ಕುಂಕುಮ. ಇದೊಂದು ಅಕ್ಕಿ ಕಾಳು. ಇವೆಲ್ಲ ಸೇರಿ ಬಿಲ್ಲೆಯನ್ನು ಎತ್ತಿ ಹಿಡಿದು, ಉರುಳೆ ತಿರುಗದಂತೆ ಹಿಂದಿನಿಂದ ಕಚ್ಚಿಸಿವೆ. ಸಾಹುಕಾರ್ರೇ, ಇದಕ್ಕೆ ಏನು ಮಾಡುತ್ತಿದ್ದಿರಿ?”

“ಪೂಜೆ” ಎಂದ ಮುರಿಗೆಪ್ಪ. “ದಿನಾ ಸ್ನಾನ ಮಾಡಿ, ಹೀಗೇ ಬಿಚ್ಚಿ ಮಣೆಯ ಮೇಲಿಟ್ಟು, ತೂತಿಗೊಂದರಂತೆ ತುಪ್ಪದಲ್ಲಿ ಕಲಸಿದ ಕುಂಕುಮದ ಬೊಟ್ಟು. ಆರು ತೂತು, ಆರು ಬೊಟ್ಟು. ಮೇಲೆ ಅಕ್ಷತೆ. ಒಂದು ದಿನವೂ ತಪ್ಪಿಸಿಲ್ಲ.”

“ಎಂದಾದರೂ ಮುಚ್ಚಿ ತಿರುಗಿಸಿ ನೋಡಿದ್ದಿರಾ?”

“ಛೆ, ಛೆ! ದೇವರ ಮುಂದೆ ಇಟ್ಟದ್ದನ್ನು ಹಾಗೆಲ್ಲ ಆಡಿಸುವುದೇ? ಠಾಣೆಗೆ ಒಯ್ಯುವ ದಿನವೇ ಮೇಲಿನ ಬೊಟ್ಟನ್ನೆಲ್ಲ ಒರೆಸಿ ಮುಚ್ಚಿದ್ದು. ಸ್ವಲ್ಪ ಒತ್ತಿ ಮುಚ್ಚಬೇಕಾಯಿತು.”

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಇಮಾಮಸಾಬ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಲ್ಲೆಯ ಅಡಿಯನ್ನು ತಿಕ್ಕಿದ. ಬಟ್ಟೆಯಿಂದ ಒರೆಸಿದ. ಒಂದೇ ಹನಿ ಎಣ್ಣೆ ಬಿಟ್ಟು ಅದನ್ನೂ ಒರೆಸಿದ. ಮುಚ್ಚಿ ಬೆರಳು ತಾಗಿಸಿದ. ಉರುಳೆ ಸುಬೇದಾರರ ಕೈಯಲ್ಲಿ ತಿರುಗಿದ ಹಾಗೆಯೇ ತಿರುಗಿತು.

“ಅರ ಹಾಕಿದ್ದರೆ?” ಎಂದು ಮುರಿಗೆಪ್ಪ ಮೆಲ್ಲಗೆ ಕೇಳಿದ.

“ಏನೂ ದೋಷವಿಲ್ಲದ ಒಂದು ಸಾಮಾನನ್ನು ನಾವಿಬ್ಬರೂ ಸೇರಿ ಹಾಳು ಮಾಡುತ್ತಿದ್ದೆವು. ಇದನ್ನು ಇಟ್ಟುಕೊಂಡಿದ್ದವರು ಮಗುವಿನ ಹಾಗೆ ನೋಡಿಕೊಂಡಿದ್ದಾರೆ. ಒಂದು ಗೀರು ಇಲ್ಲ.”

ಬಸ್ಸಿನಿಂದ ಇಳಿದ ಮುರಿಗೆಪ್ಪ ಮನೆಗೆ ಹೋಗಲಿಲ್ಲ, ನೇರವಾಗಿ ಸುಬೇದಾರರ ಮನೆಗೆ ಹೋದ. ಅವರು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಬಂದವನ ಸಪ್ಪಳ ಕೇಳಿಯೂ ಸುಲಿಯುತ್ತಲೇ ಇದ್ದರು. ಮುರಿಗೆಪ್ಪ ನಿಂತೇ ಎಲ್ಲವನ್ನೂ ಹೇಳಿದ. ಬೊಟ್ಟು, ತುಪ್ಪ, ಅಕ್ಕಿ ಕಾಳು, ಯಾವುದನ್ನೂ ಬಿಡಲಿಲ್ಲ.

ಸುಬೇದಾರರು ಸುಲಿಯುವುದನ್ನು ನಿಲ್ಲಿಸಿದರು.

“ದಿನಾ ಆರು ಬೊಟ್ಟು?”

“ದಿನಾ ಆರು.”

“ಒಂದು ವರ್ಷ?”

“ಅಧಿಕ ಮಾಸವೂ ಸೇರಿ.”

ಸುಬೇದಾರರ ಹೊಟ್ಟೆ ಕುಲುಕತೊಡಗಿತು. ಆಮೇಲೆ ಹೆಗಲು ಕುಲುಕಿತು. ನಕ್ಕು ನಕ್ಕು ಅವರ ಮಡಿಲಿನ ಶೇಂಗಾ ನೆಲದ ಮೇಲೆಲ್ಲ ಚೆಲ್ಲಿತು. ಕಣ್ಣೊರೆಸಿಕೊಂಡು, “ಮುರಿಗೆಪ್ಪ, ನೀನು ನನ್ನ ಮೇಲೆ ತಪ್ಪು ಹೊರಿಸಿದ್ದು ಹೋಟೆಲಿನಲ್ಲಿ. ಇಳಿಸುತ್ತಿರುವುದು ನನ್ನ ಪಡಸಾಲೆಯಲ್ಲಿ” ಎಂದರು.

ಮುರಿಗೆಪ್ಪನಿಗೆ ಅರ್ಥವಾಯಿತು. ಮರುದಿನ ಬೆಳಿಗ್ಗೆ ಹೋಟೆಲು ತುಂಬಿದ್ದಾಗ, ಸುಬೇದಾರರೂ ಬಂದು ಕೂತಿದ್ದಾಗ, ಅವನು ಬೆಂಚಿನ ಮೇಲೆ ಹತ್ತಿ ನಿಂತ. ಮೋಸ ಮಾಡಿದವರು ಯಾರೂ ಇಲ್ಲ, ಕೆಡಿಸಿದವನು ತಾನೇ ಎಂದು ಎಲ್ಲರ ಎದುರಿಗೆ ಹೇಳಿದ. ಹೇಗೆ ಕೆಡಿಸಿದೆ ಎಂದು ಒಬ್ಬ ಕೇಳಿದ. ಅದನ್ನೂ ಹೇಳಿದ. ಠಾಣೆಯಲ್ಲಿ ನಕ್ಕದ್ದಕ್ಕಿಂತ ಹೆಚ್ಚು ಜನ ಇಲ್ಲಿ ನಕ್ಕರು. ವಿಚಿತ್ರವೆಂದರೆ ಈ ನಗೆ ಅವನನ್ನು ಸುಡಲಿಲ್ಲ. ಅವನೂ ನಕ್ಕ. ಕೆಳಗಿಳಿದಾಗ ಸುಬೇದಾರರು ಬೆಂಚಿನಲ್ಲಿ ಸರಿದು ಅವನಿಗೆ ಜಾಗ ಮಾಡಿಕೊಟ್ಟರು.

ಗುರುಗಳು ಕತೆ ಮುಗಿಸಿದರು. ಪರ್ವತಯ್ಯನೂ ನಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವನ ನಗು ನಿಧಾನವಾಗಿ ನಿಂತಿತು.

“ಹಾಗಾದರೆ ಗುರುಗಳೇ, ಪೂಜೆ ಮಾಡಿದ್ದೇ ಅವನ ತಪ್ಪೇ?”

“ಅವನು ಪೂಜೆ ಎಲ್ಲಿ ಮಾಡಿದ? ಬಳಸಲು ಹೆದರಿದ, ಆ ಹೆದರಿಕೆಗೆ ದಿನಾ ಬೊಟ್ಟು ಇಟ್ಟ.”