ಜ್ವರ ಬಿಡಲೊಲ್ಲದ ಥರ್ಮಾಮೀಟರು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹೋಬಳಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಗಿರಿಯಮ್ಮನವರು.

ಅವರ ವಾರ್ಡಿನಲ್ಲಿ ಪಾದರಸದ ಒಂದು ಥರ್ಮಾಮೀಟರು ಇತ್ತಂತೆ. ಚೆನ್ನಾಜಿ ಎಂಬ ಹುಡುಗಿ ಜ್ವರದಲ್ಲಿ ಮಲಗಿದ್ದಾಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, “ಗಾಜಿನ ತಮ್ಮಾ, ಕಚಗುಳಿ ಇಡಬೇಡ” ಎನ್ನುತ್ತಿದ್ದಳು. ದೇವರ ದಯೆಯಿಂದ ಜ್ವರ ಬಿಟ್ಟು ಅವಳು ಊರಿಗೆ ಹೋದಳು. ಥರ್ಮಾಮೀಟರಿಗೆ ಮಾತ್ರ ಅವಳ ಹಂಬಲ ಹೋಗಲಿಲ್ಲ.

ಮಾರನೆಯ ದಿನ ಅದೇ ಮಂಚಕ್ಕೆ ನಡುಗುತ್ತಾ ಒಬ್ಬ ಅಜ್ಜ ಬಂದ. ಗಿರಿಯಮ್ಮ ಪಾದರಸ ಇಳಿಯುವಂತೆ ಕೊಡವಿ ಅವನ ಕಂಕುಳಲ್ಲಿ ಇಟ್ಟರೆ, ಥರ್ಮಾಮೀಟರು ಚೆನ್ನಾಜಿಯನ್ನು ನೆನೆದು ಅವಳ ನೂರಮೂರು ಡಿಗ್ರಿಗೇ ಏರಿ ನಿಂತಿತು. ಅವರು ಒದ್ದೆಬಟ್ಟೆ ಹಿಂಡತೊಡಗಿದರು.

ನಾಡಿ ಎಣಿಸುವ ಅವರ ಕೈಗಡಿಯಾರ ಥರ್ಮಾಮೀಟರನ್ನು ಕೇಳಿತು, “ಅಜ್ಜನ ಮೈ ತಣ್ಣಗಿದೆ. ಕಂಬಳಿ ಬೇಕಾದವನಿಗೆ ಒದ್ದೆಬಟ್ಟೆ ಹಾಕಿಸಿ ಕೊಲ್ಲುತ್ತೀಯೇನು?”

“ಇಳಿದರೆ ನನ್ನಲ್ಲಿ ಅವಳದೇನು ಉಳಿಯುತ್ತದಣ್ಣ?”

“ನೀನು ಹಿಡಿದುಕೊಂಡಿರುವುದು ಅವಳ ಜ್ವರ. ಅದು ತೊಲಗಲೆಂದೇ ಅಲ್ಲವೆ ಅವಳು ದಿನಾ ದೇವರಿಗೆ ಕೈಮುಗಿದದ್ದು?”

ಗಿರಿಯಮ್ಮ ಅಜ್ಜನ ಹಣೆ ಮುಟ್ಟಿ, ಅನುಮಾನಪಟ್ಟು ಮತ್ತೊಮ್ಮೆ ಕೊಡವಿದಾಗ ಥರ್ಮಾಮೀಟರು ತಾನಾಗಿ ಕೆಳಗಿಳಿಯಿತು. ಈ ಸಲ ಕಂಕುಳಲ್ಲಿ ಇಟ್ಟಾಗ ಅಜ್ಜನ ಮೈ ಇದ್ದಷ್ಟೇ ತೋರಿಸಿತು, ತೊಂಬತ್ತೈದು. ಕಂಬಳಿ ಬಂತು.

ನಡುಕ ನಿಂತ ಮೇಲೆ ಅಜ್ಜ, “ಇದೇನವ್ವಾ ನಿನ್ನ ಗಾಜಿನ ಕಡ್ಡಿ, ಕಚಗುಳಿ ಇಡುತ್ತದಲ್ಲ” ಎಂದ.

ಕಾಯಿಲೆಯವರ ಮಗ್ಗುಲಲ್ಲಿ ಕೂರುವವರು ಯಾರಾದರೂ ಸಿಕ್ಕರೆ, ನೀವೂ ಈ ಕಥೆಯನ್ನು ಅವರಿಗೊಮ್ಮೆ ಹೇಳಿ.