ಜವರ ಕ್ಯೂರಿಂಗ್ ಮಾಡಿದ್ದು

ಊರು ಯಾವುದಾದರೇನು, ಪೆದ್ದನಿಗೂ ಒಬ್ಬಳು ತಾಯಿ ಇರುತ್ತಾಳೆ, ತಲೆ ತಗ್ಗಿಸೋಕೆ. ಜವರನ ತಾಯಿ ದೇವೀರಿ ಗಾರೆ ಕೆಲಸದವಳು. ಬಾಂಡಲಿ ಹೊತ್ತು ಹೊತ್ತು ನೆತ್ತಿ ಸವೆದಿತ್ತು. ಮಗನ ದೆಸೆಯಿಂದ ಮಾನವೂ ಸವೆದಿತ್ತು.

ಒಂದಿನ ಮೇಸ್ತ್ರಿ ಚಲುವಯ್ಯನ ಮುಂದೆ ಸೆರಗೊಡ್ಡಿದಳು.

"ಅಣ್ಣಯ್ಯಾ, ನಾನಿರೋತನಕ ಇವನಿಗೆ ಗಂಜಿ. ಆಮೇಲೆ? ಒಂದು ಕೆಲಸ ಕಲಿಸಪ್ಪಾ. ಹೇಳಿದ್ದನ್ನ ಹೇಳ್ದಂಗೇ ಮಾಡ್ತಾನೆ!"

"ಹಂಗಾದ್ರೆ ಕ್ಯೂರಿಂಗ್ ಮಾಡ್ಲಿ."

"ಹಂಗಂದ್ರೇನು ಮೇಸ್ತ್ರೀ?" ಅಂದ ಜವರ.

"ಸಿಮೆಂಟಿಗೆ ನೀರು ಕುಡಿಸೋದು ಕಣ್ಲಾ. ಒಣಗಿದ್ರೆ ಬಿರುಕು ಬಿಡ್ತದೆ. ಕುಡಿದಷ್ಟೂ ಗಟ್ಟಿ!"

ಸಿಮೆಂಟು ಎಲ್ಲೈತೆ? ಜವರ ಹುಡುಕಿದ. ಶೆಡ್ಡಿನಲ್ಲಿತ್ತು, ಮೂಟೆ ಮೂಟೆ. ಪೈಪು ಹಿಡಿದ, ಕುಡಿಸಿದ. ಬೆಳಗಾಗೋದರೊಳಗೆ ಮೂಟೆಯೆಲ್ಲ ಬಂಡೆ!

"ಎಷ್ಟು ಗಟ್ಟಿಯಾಗೈತೆ ನೋಡಿ ಮೇಸ್ತ್ರೀ!"

"ಅಯ್ಯೋ ಬಡ್ಡೆತ್ತದೇ! ಚೀಲ ಒಣಗಿರಬೇಕು ಕಣೋ, ಚೀಲ!"

ಒಣಗಿರಬೇಕಾ? ಆಗಲಿ. ಮಾರನೇ ದಿನ ನೋಡಿದರೆ, ಹೊಸ ಕಂಬಗಳಿಗೆಲ್ಲ ಒದ್ದೆ ಗೋಣಿಚೀಲ ಸುತ್ತವ್ರೆ. ಅಯ್ಯೋ, ಚೀಲ ನೆಂದೈತಲ್ಲಾ! ಜವರ ಒಂದೊಂದನ್ನೇ ಬಿಚ್ಚಿದ, ಬಿಸಿಲಿಗೆ ಹರವಿದ. ಕಂಬಗಳು ಬರಿಮೈಯಲ್ಲಿ ಬೆಂದವು, ಬಿರುಕು ಬಿಟ್ಟವು.

"ಚೀಲ ಗರಿಗರಿ ಆಗೈತೆ, ಮುಟ್ಟಿ ನೋಡಿ ಮೇಸ್ತ್ರೀ!"

ಕೆಲಸದ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ದೇವೀರಿ ಮರಳ ಗುಡ್ಡೆಯ ಮರೆಗೆ ಹೋಗಿ ಕೂತಳು.

ಚಲುವಯ್ಯ ಜವರನ ಕಿವಿ ಹಿಡಿದ. "ಕೊನೇ ಮಾತು ಕೇಳ್ಲಾ! ನೆಟ್ಟಗೆ ನಿಂತದ್ದಕ್ಕೆ ಒದ್ದೆ ಗೋಣಿ ಸುತ್ತು. ಅಂಗಾತ ಮಲಗಿದ್ದಕ್ಕೆ ಸುತ್ತಲೂ ಮಣ್ಣಿನ ಬದು ಕಟ್ಟಿ ನೀರು ನಿಲ್ಸು. ಅದೇ ಕ್ಯೂರಿಂಗ್! ಇನ್ನೊಂದ್ಸಲ ಕೆಡಿಸಿದ್ರೆ ನೀನೂ ಮನೆಗೆ, ನಿಮ್ಮವ್ವನೂ ಮನೆಗೆ!"

ನಿಂತದ್ದಕ್ಕೆ ಗೋಣಿ, ಮಲಗಿದ್ದಕ್ಕೆ ಬದು. ನಿಂತದ್ದಕ್ಕೆ ಗೋಣಿ, ಮಲಗಿದ್ದಕ್ಕೆ ಬದು. ದಾರಿಯುದ್ದಕ್ಕೂ ಜವರ ಜಪಿಸಿದ. ಸದ್ಯ, ಕಲಿತನಲ್ಲ ಅಂತ ದೇವೀರಿ ಕಣ್ಣೊರೆಸಿಕೊಂಡಳು.

ಮೇಲ್ಛಾವಣಿಗೆ ಮೋಲ್ಡ್ ಹಾಕಿದ ದಿನ ಕೆಲಸದವರಿಗೆಲ್ಲ ಮನೆ ಯಜಮಾನ ಬಾಡೂಟ ಹಾಕಿಸೋದು ವಾಡಿಕೆ. ಯಜಮಾನನ ಮಾವನೂ ಬಂದಿದ್ದರು. ಮುದ್ದೆ ಮುರಿದು, ಸಾರು ಸುರಿದು, ಹೊಂಗೆ ನೆರಳಲ್ಲಿ ಉರುಳಿಕೊಂಡು ಗೊರಕೆ ಹೊಡೆದರು. ಜವರ ನೋಡಿದ. ಮಲಗಿದ್ದಾರೆ. ಅದೂ ಅಂಗಾತ!

ಮಣ್ಣು ತಂದ, ಸುತ್ತಲೂ ಬದು ಕಟ್ಟಿದ, ಪೈಪು ಬಿಟ್ಟ.

"ಕೆರೆ ಒಡೀತು! ಕೆರೆ ಒಡೀತು!" ಮಾವ ಧಡಕ್ಕನೆ ಎದ್ದರು. ಜವರ ಹೆಗಲು ಹಿಡಿದು ಅದುಮಿದ. "ಏಳಬ್ಯಾಡಿ ಬುದ್ಧೀ, ಬಿರುಕು ಬಿಡ್ತೀರಾ!"

ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡಿದ್ದು ಜವರನನ್ನಲ್ಲ, ದೇವೀರಿಯನ್ನ. ಚಲುವಯ್ಯ ರಸ್ತೆ ಕಡೆ ಕೈ ತೋರಿಸಿದ, ಅಷ್ಟೆ. ದೇವೀರಿ ಕಂಬದ ಹಾಗೆ ನೆಟ್ಟಗೆ ನಿಂತುಬಿಟ್ಟಳು.

"ಅವ್ವಾ, ಅಲ್ಲಾಡಬ್ಯಾಡ!"

ಒದ್ದೆ ಗೋಣಿ ಹಿಡಿದು ಓಡಿಬಂದ ಮಗ, ಕಾಲಿನಿಂದ ಸುತ್ತತೊಡಗಿದ. ದೇವೀರಿ ಬಯ್ಯಲಿಲ್ಲ.

"ಮೇಲಕ್ಕೂ ಸುತ್ತೋ ಮಗನೇ," ಅಂದಳು. "ಮುಖವೂ ಮುಚ್ಚಲಿ."